ಚಿಟಿಕೆ ಸಕ್ಕರೆ, ಕಿಲೋ ಪ್ರೀತಿ

ನಮ್ಮ ಹಳ್ಳಿಗಳಲ್ಲಿ ಮೊಹರಂ ಬಂದರೆ ಸಕ್ಕರೆ ಓದಿಸುವ ಪದ್ಧತಿ ಇದೆ. ಹರಕೆ ಹೊತ್ತವರು ಹಿಂದೂಗಳಿರಲಿ, ಮುಸ್ಲಿಮರಿರಲಿ, ಕಾಗದದ ಪೊಟ್ಟಣದಲ್ಲಿ ಸಕ್ಕರೆ ತರುತ್ತಾರೆ. ಓದಿಸಿದ ಮೇಲೆ ನೆರೆದವರ ಅಂಗೈಗೆ ಒಂದೊಂದು ಚಿಟಿಕೆ ಬೀಳುತ್ತದೆ. ಆ ಚಿಟಿಕೆಯನ್ನು ನಾಲಿಗೆಗೆ ಹಚ್ಚಿಕೊಂಡರೆ ಸಂಬಂಧ ಸಿಹಿಯಾಯಿತು ಎಂದು ಅರ್ಥ. ಇನ್ನೊಂದು ಚಿಟಿಕೆ ಕೊಡಿ ಎಂದು ಯಾರೂ ಕೇಳುವುದಿಲ್ಲ. ಸಿಹಿಗೆ ನಮ್ಮ ಹಿರಿಯರು ಇಟ್ಟಿದ್ದ ಅಳತೆ ಅದು.

ಈಗ ಆ ಅಳತೆ ಎಲ್ಲಿ ಹೋಯಿತು? ಚಳ್ಳಕೆರೆಯಲ್ಲಾಗಲಿ ಮೊಳಕಾಲ್ಮೂರಿನಲ್ಲಾಗಲಿ ಒಂದು ಮದುವೆಗೆ ಹೋಗಿ ನೋಡಿ. ಎಲೆಯ ಮೇಲೆ ಮೂರು ಬಗೆಯ ಸಿಹಿ. ಬೇಡ ಎಂದು ಕೈ ಅಡ್ಡ ಹಿಡಿದರೆ ಬಡಿಸುವವನು ಕೈಯನ್ನೇ ಸರಿಸಿ ಹಾಕುತ್ತಾನೆ. "ತಗಳ್ಳಿ ಅಣ್ಣಾ, ಒಂದ್ ದಿನ ತಿಂದ್ರೆ ಏನಾಗ್ತತಿ?" ನಮ್ಮ ವಲೀಮಾಗಳಲ್ಲಿಯೂ ಇದೇ ಕತೆ. ಬಿರಿಯಾನಿಯ ಮೇಲೆ ಜರ್ದಾ, ಜರ್ದಾದ ಮೇಲೆ ಫಿರ್ನಿ. "ಖಾಲಾ, ನನಗೆ ಶುಗರ್ ಇದೆ" ಎಂದರೆ, "ಇವತ್ತೊಂದು ಗುಳಿಗೆ ಜಾಸ್ತಿ ನುಂಗು ಬೇಟಾ" ಎಂಬ ಉಪಾಯ ತಯಾರಿರುತ್ತದೆ. ಬೇಡ ಎಂದವನು ಸೊಕ್ಕಿನವನು, ಹೇರಿದವನು ಪ್ರೀತಿಯವನು! ಪ್ರೀತಿಯನ್ನು ಕಿಲೋ ಲೆಕ್ಕದಲ್ಲಿ ತೂಗುವ ಈ ರೋಗಕ್ಕೆ ಮದ್ದು ಬೇಡವೇ?

ಸಿಹಿಯ ಚಪಲ ವ್ಯಕ್ತಿಯ ದೌರ್ಬಲ್ಯ, ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಕು ಎಂದು ಉಪದೇಶಿಸುವವರಿಗೆ ಕೊರತೆಯಿಲ್ಲ. ಇದು ಅರ್ಧ ಸತ್ಯ. ದಿನವಿಡೀ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತ ನೇಕಾರನಿಗೆ, ಎಣ್ಣೆ ಮಿಲ್ಲಿನಲ್ಲಿ ಮೂಟೆ ಹೊರುವ ಹಮಾಲನಿಗೆ ಹಸಿವು ಮುಂದೂಡುವ ಅತಿ ಅಗ್ಗದ ದಾರಿ ಎಂದರೆ ಸಕ್ಕರೆ ತುಂಬಿದ ಅರ್ಧ ಲೋಟ ಚಹಾ. ದಿನಕ್ಕೆ ಐದು ಚಹಾ, ಒಂದೊಂದಕ್ಕೆ ಎರಡು ಚಮಚ ಎಂದರೂ 40ರಿಂದ 50 ಗ್ರಾಂ ಸಕ್ಕರೆ. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಇಂಥ ಸಕ್ಕರೆ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಾತು. ಅಂದರೆ ಲಾಡು, ಬಿಸ್ಕತ್ತು ಮುಟ್ಟುವ ಮೊದಲೇ ನಮ್ಮ ಕಾರ್ಮಿಕನ ಪಾಲು ಚಹಾದಲ್ಲೇ ಮುಗಿದಿರುತ್ತದೆ. ಅವನಿಗೆ ಮನೋನಿಗ್ರಹದ ಪಾಠ ಹೇಳುವ ಮೊದಲು ಹೊಟ್ಟೆಗೆ ಸರಿಯಾದ ಊಟದ ಬಿಡುವು ಕೊಟ್ಟಿದ್ದೇವೆಯೇ ಎಂದು ಮಾಲೀಕರು ಕೇಳಿಕೊಳ್ಳಲಿ.

ಸಕ್ಕರೆ ಕಾಯಿಲೆಗೆ ಸಕ್ಕರೆಯೊಂದೇ ಕಾರಣವಲ್ಲ, ನಿಜ. ವಂಶ, ಸೊಂಟದ ಬೊಜ್ಜು, ಮೈ ಬಗ್ಗದ ಬದುಕು ಎಲ್ಲವೂ ಸೇರುತ್ತವೆ. ಆದರೆ ಬೊಜ್ಜು ಬೆಳೆಸುವುದರಲ್ಲಿ ಸಿಹಿ ಪಾನೀಯಗಳ ಪಾಲು ಸಣ್ಣದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇದು ಶ್ರೀಮಂತರ ಕಾಯಿಲೆ ಎಂದು ಇನ್ನೂ ನಂಬಿ ಕೂತವರು ಯಾವ ಕಾಲದಲ್ಲಿದ್ದಾರೆ?

ಈ ಕಾಯಿಲೆ ಹತೋಟಿ ತಪ್ಪಿದರೆ ಮೊದಲು ಕೆಡುವ ಅಂಗಗಳಲ್ಲಿ ಕಣ್ಣು ಮತ್ತು ಕಾಲು ಸೇರಿವೆ. ಕಣ್ಣಿನ ಒಳಪದರದ ರಕ್ತನಾಳಗಳು ಹಾಳಾಗುತ್ತವೆ, ಪಾದದ ಸ್ಪರ್ಶ ಸಾಯುತ್ತದೆ. ಮೊಳಕಾಲ್ಮೂರು ಸೀರೆ ನೇಯುವವನ ಆಸ್ತಿ ಏನು? ಎಳೆ ಎಣಿಸುವ ಕಣ್ಣು, ತುಳಿಯುವ ಕಾಲು. ಸರ್ಕಾರಿ ನೌಕರನಿಗೆ ಕಣ್ಣು ಮಂಜಾದರೆ ರಜೆ ಇದೆ, ಪಿಂಚಣಿ ಇದೆ. ನೇಕಾರನ ಕಣ್ಣು ಮಂಜಾದರೆ ಮಗ್ಗ ನಿಲ್ಲುತ್ತದೆ, ಜೊತೆಗೇ ಒಲೆಯೂ. ಮದುವೆ ಮನೆಯಲ್ಲಿ ಬಲವಂತವಾಗಿ ಹಾಕಿದ ಆ ತುಂಡಿನ ಬೆಲೆಯನ್ನು ಕೊನೆಗೆ ಕಟ್ಟುವವರು ಅವನ ಹೆಂಡತಿ ಮಕ್ಕಳು.

ಬಜಾರು ಇದಕ್ಕೆ ಹೊಸ ವೇಷ ಹಾಕಿದೆ. "ಬೆಲ್ಲದ ಚಹಾ, ಆರೋಗ್ಯಕ್ಕೆ ಹಿತ" ಎಂಬ ಬೋರ್ಡು ನೋಡಿ ಜನ ಎರಡು ಲೋಟ ಹೆಚ್ಚು ಕುಡಿಯುತ್ತಾರೆ. 100 ಗ್ರಾಂ ಬೆಲ್ಲದಲ್ಲಿ 80 ಗ್ರಾಂಗೂ ಹೆಚ್ಚು ಸಕ್ಕರೆಯೇ ಇದೆ. ಬಣ್ಣ ಬೇರೆಯಾದ ಮಾತ್ರಕ್ಕೆ ರಕ್ತಕ್ಕೆ ಮೋಸ ಮಾಡಲಾಗುವುದಿಲ್ಲ. ಮಕ್ಕಳ ಹಾಲಿನ ಪುಡಿಗಳ ಕತೆಯೂ ಇದೇ. ಬೋರ್ನ್‌ವಿಟಾದಂಥ ಪೇಯಗಳನ್ನು 'ಆರೋಗ್ಯ ಪೇಯ' ಎಂಬ ಗುಂಪಿನಿಂದ ತೆಗೆಯಿರಿ ಎಂದು ಕೇಂದ್ರ ಸರ್ಕಾರವೇ ಆನ್‌ಲೈನ್ ಅಂಗಡಿಗಳಿಗೆ ಹೇಳಬೇಕಾಗಿ ಬಂದದ್ದು 2024ರಲ್ಲಿ. ಅಲ್ಲಿಯವರೆಗೆ ಎಷ್ಟು ತಾಯಂದಿರು ಹೊಟ್ಟೆ ಕಟ್ಟಿ ಆ ಡಬ್ಬಿ ಕೊಂಡಿರಬೇಕು!

ಚಳ್ಳಕೆರೆ ಶೇಂಗಾದ ಊರು, ಎಣ್ಣೆಯ ಊರು. ಶಾಲಾ ಮಕ್ಕಳಿಗೆ ಮೊಟ್ಟೆ, ಬಾಳೆಹಣ್ಣಿನ ಬದಲು ಕೊಡುತ್ತಿದ್ದ ಶೇಂಗಾ ಚಿಕ್ಕಿಯನ್ನು 2025ರ ಆರಂಭದಲ್ಲಿ ರಾಜ್ಯದ ಶಿಕ್ಷಣ ಇಲಾಖೆ ನಿಲ್ಲಿಸಿತು. ಸಕ್ಕರೆ, ಕೊಬ್ಬು ಹೆಚ್ಚು ಎಂಬುದು ಕೊಟ್ಟ ಕಾರಣಗಳಲ್ಲಿ ಒಂದು. ಒಳ್ಳೆಯದು. ಆದರೆ ಶಾಲೆಯ ಗೇಟಿನ ಎದುರು ತೂಗುಹಾಕಿದ ಜೆಲ್ಲಿ, ಕ್ರೀಮ್ ಬಿಸ್ಕತ್ತು, ಬಣ್ಣದ ನೀರಿನ ಪೊಟ್ಟಣಗಳನ್ನು ನಿಲ್ಲಿಸಿದವರು ಯಾರು? 250 ಮಿಲಿಲೀಟರ್ ಕೋಲಾದಲ್ಲಿ ಸುಮಾರು 26 ಗ್ರಾಂ ಸಕ್ಕರೆ ಇದೆ. ಶೇಂಗಾದಲ್ಲಿ ಪ್ರೋಟೀನಾದರೂ ಇತ್ತು, ಇದರಲ್ಲಿ ಏನಿದೆ? ಯಾವ ತಿಂಡಿಯಲ್ಲಿ ಎಷ್ಟು ಸಕ್ಕರೆ ಎಂದು ತಿಳಿಸುವ ಫಲಕ ಹಾಕುವಂತೆ 2025ರ ಮೇ ತಿಂಗಳಲ್ಲಿ ಸಿಬಿಎಸ್ಇ ತನ್ನ ಶಾಲೆಗಳಿಗೆ ಸೂಚಿಸಿತು. ನಮ್ಮ ಕನ್ನಡ, ಉರ್ದು ಶಾಲೆಗಳ ಮಕ್ಕಳಿಗೆ ರಕ್ತವಿಲ್ಲವೇ? ಆ ಫಲಕ ಈ ಗೋಡೆಗಳ ಮೇಲೂ ಬರಲಿ, ಅವರವರ ಭಾಷೆಯಲ್ಲೇ ಬರಲಿ.

ನಮ್ಮ ಮನೆಯ ಕಸವನ್ನೂ ನೋಡೋಣ. ಹೊಟ್ಟೆಯ ಮೂರನೇ ಒಂದು ಪಾಲು ಅನ್ನಕ್ಕೆ, ಒಂದು ಪಾಲು ನೀರಿಗೆ, ಇನ್ನೊಂದು ಉಸಿರಾಟಕ್ಕೆ ಎಂದು ಕಲಿಸಿದ ಪ್ರವಾದಿಯ ಸಮುದಾಯ ನಾವು. ಖರ್ಜೂರ, ನೀರಿನಿಂದ ಬಿಡಬೇಕಾದ ಉಪವಾಸವನ್ನು ಕೆಂಪು ಶರಬತ್ತು, ಜಿಲೇಬಿ, ಫಿರ್ನಿಗಳಿಂದ ಬಿಡುತ್ತೇವೆ. ಹದಿಮೂರು ಹದಿನಾಲ್ಕು ಗಂಟೆಯ ಸಂಯಮ ಹದಿನೈದು ನಿಮಿಷದಲ್ಲಿ ಕರಗಿಹೋದರೆ ಉಪವಾಸ ಕಲಿಸಿದ್ದೇನು?

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಚಹಾದಂಗಡಿಯಲ್ಲಿ ಸಕ್ಕರೆ ಬೇರೆಯಾಗಿಯೇ ಸಿಗಲಿ. ವಾರಕ್ಕೆ ಅರ್ಧ ಚಮಚ ಇಳಿಸುತ್ತಾ ಬಂದರೆ ನಾಲಿಗೆ ತಾನಾಗಿ ಒಗ್ಗಿಕೊಳ್ಳುತ್ತದೆ. ಮದುವೆಗೆ ಒಂದೇ ಸಿಹಿ, ಅದೂ ಕೇಳಿದವರಿಗೆ ಮಾತ್ರ ಎಂದು ಮಸೀದಿ ಕಮಿಟಿಗಳು, ಜಾತ್ರಾ ಸಮಿತಿಗಳು, ಕುಲದ ಹಿರಿಯರು ಸೇರಿ ತೀರ್ಮಾನಿಸಲಿ. ಅತಿಥಿಗೆ ಮಜ್ಜಿಗೆ, ಹುರಿದ ಶೇಂಗಾ ಕೊಟ್ಟರೆ ಮಾನ ಹೋಗುವುದಿಲ್ಲ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ರಕ್ತಪರೀಕ್ಷೆ ಉಚಿತ, ಹೋಗಿ ಮಾಡಿಸಿಕೊಳ್ಳಿ. ಆದರೆ ಈಗಾಗಲೇ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಕಡಿತ ಮಾಡಬಾರದು. ಸಕ್ಕರೆ ತೀರಾ ಇಳಿದರೂ ಪ್ರಾಣಕ್ಕೆ ಅಪಾಯ.

ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ಅಶೋಕನ ಶಾಸನವಿದೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಶ್ರಮಪಟ್ಟರೆ ದೊಡ್ಡ ಫಲ ಪಡೆಯಬಹುದು ಎಂಬುದು ಅದರ ಸಾರ. ಕಲ್ಲಿನ ಮೇಲಿನ ಆ ಮಾತು ಚಹಾ ಲೋಟಕ್ಕೂ ಅನ್ವಯಿಸುತ್ತದೆ. ಬೇಡ ಎಂದವನ ಕೈಯನ್ನು ಸರಿಸದೆ ಗೌರವಿಸುವುದನ್ನು ಕಲಿತರೆ ಅರ್ಧ ಕೆಲಸ ಆದಂತೆ. ಮುಂದಿನ ಮದುವೆ ನಿಮ್ಮ ಮನೆಯದೇ ಆಗಿದ್ದರೆ ಅಲ್ಲಿಂದಲೇ ಶುರುಮಾಡಿ.