ಸಂತೆಗೆ ಬಾರದ ಅಧಿಕಾರಿ

ನಜೀರ್ ಸಾಬರನ್ನು ನೆನೆದು ವೇದಿಕೆಯ ಮೇಲೆ ಕಣ್ಣೊದ್ದೆ ಮಾಡಿಕೊಳ್ಳುವ ರಾಜಕಾರಣಿಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಳ್ಳಿಹಳ್ಳಿಗೆ ಕೊಳವೆಬಾವಿ ತೋಡಿಸಿ ‘ನೀರ್ ಸಾಬ್’ ಎನಿಸಿಕೊಂಡವರು ಅವರು, ನಿಜ. ಆದರೆ ಅವರು ಬಿಟ್ಟುಹೋದದ್ದು ನೀರೊಂದೇ ಅಲ್ಲವಲ್ಲ! 1983ರ ಕಾಯಿದೆ, 1987ರ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿ ಚುನಾವಣೆ, ಅದರಲ್ಲಿ ಹೆಂಗಸರಿಗೆ ನೂರಕ್ಕೆ 25 ಸ್ಥಾನ. ದೇಶಕ್ಕೆಲ್ಲ 73ನೇ ತಿದ್ದುಪಡಿ ಜಾರಿಗೆ ಬಂದದ್ದು ಆಮೇಲೆ, 1993ರಲ್ಲಿ.

ಅಂಥ ನಾಡಿನಲ್ಲಿ, 2016ರಲ್ಲಿ ಆರಿಸಿಬಂದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದರೆ, ಮುಂದೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಒಮ್ಮೆ ಕ್ಷೇತ್ರ ವಿಂಗಡಣೆಯಂತೆ, ಇನ್ನೊಮ್ಮೆ ಮೀಸಲಾತಿ ಪಟ್ಟಿಯಂತೆ, ಮತ್ತೊಮ್ಮೆ ಕೋರ್ಟಂತೆ. ಮನೆಪಾಠ ಬರೆಯದ ಹುಡುಗರು ಕೂಡ ಇದಕ್ಕಿಂತ ನಂಬುವಂಥ ಕಾರಣ ಹೇಳುತ್ತಾರೆ. 2023ರಲ್ಲಿ ಸರ್ಕಾರ ಬದಲಾಯಿತು, ನೆಪ ಬದಲಾಗಲಿಲ್ಲ.

2024ರ ಮಳೆಗಾಲದಲ್ಲಿ ನಮ್ಮ ಶಾಲೆಯ ಬಿಸಿಯೂಟದ ಕೋಣೆಯ ಹೆಂಚು ಜಾರಿ ನೇರ ಸಾರಿನ ಪಾತ್ರೆಗೇ ಬಿತ್ತು. (ದೇವರು ದೊಡ್ಡವನು, ಅಡುಗೆಯಾಕೆ ಸೌಟು ತರಲು ಒಳಗೆ ಹೋಗಿದ್ದಳು.) ಹಿಂದಾಗಿದ್ದರೆ ಜಿಲ್ಲಾ ಪಂಚಾಯಿತಿ ಸದಸ್ಯೆಯನ್ನು ಸಂತೆಯಲ್ಲೇ ಅಡ್ಡಗಟ್ಟಿ ಕೇಳುತ್ತಿದ್ದೆವು. ಮೊದಮೊದಲು ಆಕೆಯ ಗಂಡನೇ ಉತ್ತರ ಕೊಡುತ್ತಿದ್ದ, ಅದು ಬೇರೆ ಮಾತು. ಎರಡನೇ ವರ್ಷಕ್ಕೆ ಆಕೆ ಅವನನ್ನು ಸುಮ್ಮನಿರಿಸಿ ತಾನೇ ಮಾತಾಡಿದಳು. ಈ ಸಲ ಅರ್ಜಿ ಹೋದದ್ದು ಆಡಳಿತಾಧಿಕಾರಿಯ ಮೇಜಿಗೆ. ಅವರು ಸಂತೆಗೆ ಬರುವವರಲ್ಲ.

ಇದರಿಂದ ಯಾರಿಗೆ ಅನುಕೂಲ? ಜಿಲ್ಲಾ ಪಂಚಾಯಿತಿಯಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರದು. ಅಲ್ಲಿ ಪಳಗಿದವಳು ನಾಳೆ ವಿಧಾನಸಭೆಗೆ ಟಿಕೆಟ್ ಕೇಳುತ್ತಾಳೆ. ಕಾಮಗಾರಿ ಹಂಚುವ ಸುಖವನ್ನು ಇನ್ನೊಬ್ಬರಿಗೆ, ಅದೂ ಒಬ್ಬ ಹೆಂಗಸಿಗೆ, ಯಾವ ಶಾಸಕ ತಾನೇ ಬಿಟ್ಟುಕೊಟ್ಟಾನು?