ಬೆಕ್ಕಿನ ವಂಶಾವಳಿಯ ಲೆಡ್ಜರು

“ತಾತ, ಕಿವಿ ಮಡಚಿಕೊಂಡಿರೋ ಬೆಕ್ಕು ಬೇಕು. ಸರ್ಟಿಫಿಕೇಟೂ ಕೊಡ್ತಾರಂತೆ” ಎಂದು ಮೊಮ್ಮಗಳು ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ಸರ್ಟಿಫಿಕೇಟು ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಬ್ಯಾಂಕಿನ ಕೌಂಟರಿನಲ್ಲಿ ಕೂತು ತಲೆ ಹಣ್ಣಾದವನು ನಾನು. ಯಾವ ಕಾಗದ ಬಂದರೂ, ಕೊಟ್ಟವರು ಯಾರು ಎಂದೇ ಮೊದಲು ನೋಡುತ್ತೇನೆ.

ನಮ್ಮ ಹಲಸೂರಿನಲ್ಲಿ ಮೀನಿನಂಗಡಿ ಮುಂದೆ ಕಾದು ಕೂರುವ ಬೆಕ್ಕಿನ ಅಜ್ಜ ಯಾರು, ಮುತ್ತಜ್ಜಿ ಯಾರು ಎಂದು ಯಾರೂ ಬರೆದಿಟ್ಟಿಲ್ಲ. ಪರ್ಷಿಯನ್, ಸಯಾಮೀಸ್‌ನಂಥ ಜಾತಿ ಬೆಕ್ಕುಗಳಿಗೆ ಹಾಗಲ್ಲ. ಮರಿ ಹುಟ್ಟಿದರೆ ಹಲವು ತಲೆಮಾರಿನ ಹೆಸರು ಪುಸ್ತಕಕ್ಕೆ ಏರುತ್ತದೆ. ಈ ಲೆಡ್ಜರು ಇಡುವುದಕ್ಕೆಂದೇ ದೊಡ್ಡ ಸಂಘಗಳಿವೆ. ಅಮೆರಿಕದ ಸಿ.ಎಫ್.ಎ. 1906ರಲ್ಲಿ ಹುಟ್ಟಿತು, ಬ್ರಿಟನ್ನಿನ ಜಿ.ಸಿ.ಸಿ.ಎಫ್. 1910ರಲ್ಲಿ. ಯುರೋಪಿನ ಫೀಫೆ 1949ರದು, ಅಮೆರಿಕದ ಇನ್ನೊಂದು ಸಂಘ ಟೀಕಾ 1979ರದು. ಇವರೆಲ್ಲರ ಮೇಲೆ ಹುಕುಂ ಹೊರಡಿಸುವ ರಿಸರ್ವ್ ಬ್ಯಾಂಕ್ ಮಾತ್ರ ಇಲ್ಲ! ಒಬ್ಬರು ಒಪ್ಪಿದ ತಳಿಯನ್ನು ಇನ್ನೊಬ್ಬರು ಒಪ್ಪಲೇಬೇಕೆಂದಿಲ್ಲ.

ಬೆಕ್ಕಿನ ಮೊದಲ ದೊಡ್ಡ ಪ್ರದರ್ಶನ ನಡೆದದ್ದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ, 1871ರ ಜುಲೈ 13ರಂದು. ಏರ್ಪಡಿಸಿದವರು ಚಿತ್ರಕಾರ ಹ್ಯಾರಿಸನ್ ವಿಯರ್. ತೀರ್ಪು ಕೊಟ್ಟವರಲ್ಲಿ ಅವರೂ ಇದ್ದರು, ಅವರ ಅಣ್ಣನೂ ಇದ್ದರು. ನಮ್ಮ ಆಡಿಟರು ಇಂಥದ್ದಕ್ಕೆ ಕೆಂಪು ಶಾಯಿ ಹಚ್ಚದೆ ಬಿಡುತ್ತಿರಲಿಲ್ಲ. ಮುಂದೆ ಬ್ರಿಟನ್ನಿನವರು ಒಳ್ಳೆಯ ಪದ್ಧತಿ ಮಾಡಿಕೊಂಡರು: ಎಲ್ಲ ಪಂಜರದಲ್ಲೂ ಬಿಳಿ ಹಾಸು, ಬಿಳಿ ಬಟ್ಟಲು, ಹೊರಗೆ ಬರೀ ಸಂಖ್ಯೆ. ಪರೀಕ್ಷೆಯಲ್ಲಿ ನಿಮ್ಮ ರಿಜಿಸ್ಟರ್ ನಂಬರ್ ಇರುತ್ತದಲ್ಲ ಮಕ್ಕಳೇ, ಹಾಗೆ. ಬೆಕ್ಕು ಯಾರ ಮನೆಯದೆಂದು ತೀರ್ಪುಗಾರರಿಗೆ ಗೊತ್ತಾಗಬಾರದು.

ಈಗ ಮಡಚಿದ ಕಿವಿಯ ವಿಷಯ. 1961ರಲ್ಲಿ ಸ್ಕಾಟ್ಲೆಂಡಿನ ಒಂದು ಹೊಲಮನೆಯಲ್ಲಿ ಸೂಸಿ ಎಂಬ ಬಿಳಿ ಬೆಕ್ಕು ಕಂಡುಬಂತು. ಅದರ ಕಿವಿ ಮುಂದಕ್ಕೆ ಬಾಗಿ, ಮುಖ ಗೂಬೆಮರಿಯಂತೆ ದುಂಡಗಿತ್ತು. ನೋಡಿದವರೆಲ್ಲ ಮರುಳಾದರು. ಸ್ಕಾಟಿಷ್ ಫೋಲ್ಡ್ ತಳಿ ಬಂದದ್ದು ಅದರ ಸಂತಾನದಿಂದ. ಆದರೆ ಕಿವಿ ಬಾಗಿದ್ದು ಮೂಳೆಯಷ್ಟು ಗಟ್ಟಿಯಲ್ಲದ ಮೆದುಮೂಳೆಯ ದೋಷದಿಂದ. ಮೆದುಮೂಳೆ ಕಿವಿಯಲ್ಲಿ ಮಾತ್ರ ಇರುತ್ತದೆಯೇ? ಕಾಲಿನ ಕೀಲಿನಲ್ಲೂ ಇದೆ, ಬಾಲದಲ್ಲೂ ಇದೆ. ಕೆಲವಕ್ಕೆ ಎಳೆತನದಲ್ಲೇ ಕೀಲು ಊದಿ, ಬಾಲ ಸೆಟೆದುಕೊಳ್ಳುತ್ತದೆ. ಇದಕ್ಕೆ ಪೂರ್ತಿ ವಾಸಿಯಾಗುವ ಮದ್ದಿಲ್ಲ.

ಬ್ರಿಟನ್ನಿನ ಸಂಘ 1970ರ ದಶಕದಲ್ಲೇ ಈ ತಳಿಯ ನೋಂದಣಿ ನಿಲ್ಲಿಸಿತು. ಫೀಫೆಯೂ ಒಪ್ಪಿಲ್ಲ. ಸಿ.ಎಫ್.ಎ., ಟೀಕಾ ಒಪ್ಪಿವೆ. ಹಾಗಾಗಿ ಕಾಗದವೂ ಅಸಲಿಯಾಗಿರಬಹುದು, ಮರಿಯ ಕಾಲುನೋವೂ ಅಸಲಿಯಾಗಿರಬಹುದು.

“ನೋವಾದ್ರೆ ಅದು ಅಳಲ್ವಾ?” ಎಂದು ಕೇಳಿದಳು ಮೊಮ್ಮಗಳು. ಬೆಕ್ಕು ನೋವನ್ನು ಮುಚ್ಚಿಡುವ ಪ್ರಾಣಿ. ಅಟ್ಟಕ್ಕೆ ಹಾರುವುದನ್ನು ಬಿಟ್ಟು ಸುಮ್ಮನೆ ಕೂರುತ್ತದೆ, ‘ಎಷ್ಟು ಸಾಧು!’ ಎಂದು ನಾವು ಮುದ್ದು ಮಾಡುತ್ತೇವೆ. ಇದನ್ನು ಹೇಳಿದ ಮೇಲೆ ಅವಳು ಮೊಬೈಲು ಕೆಳಗಿಟ್ಟಳು.

ಅಜ್ಜ ಅಜ್ಜಿಯರೇ, ಕೊನೆಗೆ ಹಣ ಎಣಿಸುವವರು ನಾವೇ ತಾನೇ. ಯಾವ ಬೆಕ್ಕನ್ನು ತಂದರೂ ತಾಯಿ ಬೆಕ್ಕನ್ನು ಕಣ್ಣಾರೆ ನೋಡಿ, ಅದರ ನಡಿಗೆ ಗಮನಿಸಿ. ಪಶುವೈದ್ಯರ ಲಸಿಕೆ ಚೀಟಿಯೇ ಬೇರೆ, ವಂಶಾವಳಿಯ ಕಾಗದವೇ ಬೇರೆ. ಕಾಗದದಲ್ಲಿ ಸಂಘದ ಹೆಸರು, ನೋಂದಣಿ ಸಂಖ್ಯೆ ಇದ್ದರೆ ಸಂಘವನ್ನೇ ಕೇಳಿ ತಾಳೆ ನೋಡಿ.

ಮಕ್ಕಳೇ, ಬೀದಿಯಿಂದ ತಂದು ಸಾಕಿದ ಬೆಕ್ಕಿಗೂ ಈ ಪ್ರದರ್ಶನಗಳಲ್ಲಿ ಜಾಗವಿದೆ, ‘ಹೌಸ್‌ಹೋಲ್ಡ್ ಪೆಟ್’ ಎಂಬ ವಿಭಾಗ. ಅಲ್ಲಿ ಅಜ್ಜ ಮುತ್ತಜ್ಜರನ್ನು ಕೇಳುವುದಿಲ್ಲ. ಮೈ ಶುಚಿಯಾಗಿದೆಯೇ, ಆರೋಗ್ಯವಾಗಿದೆಯೇ, ಹೊಸಬರು ಎತ್ತಿಕೊಂಡರೆ ಹೆದರದೆ ಇರುತ್ತದೆಯೇ ಎಂದು ನೋಡುತ್ತಾರೆ. ಬೆಳೆದ ಬೆಕ್ಕಾದರೆ ಸಂತಾನಹರಣ ಚಿಕಿತ್ಸೆ ಆಗಿರಬೇಕು, ಉಗುರಿನ ತುದಿ ಕತ್ತರಿಸಿರಬೇಕು. ಬೆಕ್ಕಿಗೆ ಗಂಟೆ ಕಟ್ಟುವುದಕ್ಕಿಂತ ಇದು ಕಷ್ಟ. ಒಬ್ಬರು ಟವೆಲ್ಲಿನಲ್ಲಿ ಸುತ್ತಿ ಹಿಡಿದುಕೊಳ್ಳಿ, ದೊಡ್ಡವರೊಬ್ಬರು ಕತ್ತರಿಸಲಿ. ಬಿಳಿ ತುದಿ ಮಾತ್ರ. ಗುಲಾಬಿ ಬಣ್ಣದ ಭಾಗಕ್ಕೆ ತಾಗಿದರೆ ರಕ್ತ ಬರುತ್ತದೆ.