ಹಾಜರಿ ಪುಸ್ತಕದಲ್ಲಿಲ್ಲದ ಹೆಸರು

ಕಳೆದ ತಿಂಗಳು ಹೊಳಲ್ಕೆರೆ ಕಡೆಯ ವೃದ್ಧೆಯೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಈಗ ಮುಚ್ಚಿಹೋಗಿರುವ ಹತ್ತಿ ಗಿರಣಿಯೊಂದರಲ್ಲಿ 22 ವರ್ಷ ದುಡಿದವರು. ಭವಿಷ್ಯನಿಧಿಯ ಹಣ ಏನಾದರೂ ಬರುವುದುಂಟೇ ಎಂದು ವಿಚಾರಿಸಲು ಬಂದಿದ್ದರು. ಯಾರಾದರೂ ಕೇಳುವ ಪ್ರಶ್ನೆಗಳನ್ನೇ ನಾವೂ ಕೇಳಿದೆವು. ಟಿಕೆಟ್ ನಂಬರ್ ಎಷ್ಟು? ಸಂಬಳದ ಚೀಟಿ ಇದೆಯೇ? ಹುಟ್ಟಿದ ವರ್ಷ ಯಾವುದು? ಮೂರಕ್ಕೂ ಅವರಲ್ಲಿ ಉತ್ತರವಿರಲಿಲ್ಲ. ಆ ಗಿರಣಿಯ ಪುಸ್ತಕದಲ್ಲಿ ಗಂಡಸರಿಗೆ ಹೆಸರೂ ಇತ್ತು, ನಂಬರೂ ಇತ್ತು. ಹತ್ತಿ ಹಸನು ಮಾಡುವ ಹೆಂಗಸರು ಮಾತ್ರ ಮೇಸ್ತ್ರಿಯ ಲೆಕ್ಕ. ಅವನ ಚೀಟಿಯಲ್ಲಿ ‘ಹೆಣ್ಣಾಳು 12’ ಎಂದು ಬರೆದರೆ ಮುಗಿಯಿತು. ಆ ಹನ್ನೆರಡರಲ್ಲಿ ತಾನೂ ಒಬ್ಬಳಾಗಿದ್ದೆ ಎಂದು ರುಜುವಾತು ಮಾಡುವುದು ಹೇಗೆ?

ವಯಸ್ಸಿನ ಮಾತು ಬಂದಾಗ ಅವರು ತಮ್ಮ ಅಜ್ಜಿಯ ಪ್ರಸ್ತಾಪ ತೆಗೆದರು. “ನನ್ನ ವಯಸ್ಸು ನನಗೆ ತಿಳಿಯದು ಸ್ವಾಮಿ. ನಮ್ಮಜ್ಜಿಯದು ಮಾತ್ರ ಗೊತ್ತು. ಆಕೆ ಧಾತು ಬರದ ಕೂಸು” ಎಂದರು. ಆಮೇಲೆ ಒಂದು ಗಂಟೆ ಕಾಲ ಆ ಅಜ್ಜಿಯ ಸಂಗತಿಯನ್ನೇ ಹೇಳಿದರು. ಅದನ್ನು ಕೇಳಿದ ಮೇಲೆ ಈ ವಾರ ಬೇರೆ ವಿಷಯ ಬರೆಯಲು ನಮಗೆ ಮನಸ್ಸಾಗಲಿಲ್ಲ.

ಧಾತು ಸಂವತ್ಸರವೆಂದರೆ 1876-77. ಅದರ ಮರುವರ್ಷ ಈಶ್ವರ. ಆ ಎರಡು ವರ್ಷಗಳ ಬರವನ್ನು ನಮ್ಮ ಬಯಲುಸೀಮೆಯ ಹಿರಿಯರು ತಲೆಮಾರುಗಳ ಕಾಲ ಮರೆಯಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1871ರ ಖಾನೇಷುಮಾರಿಯಲ್ಲಿ 50,55,412 ಜನರಿದ್ದರು. 1881ರಲ್ಲಿ ಎಣಿಸಿದಾಗ 41,86,188 ಜನ ಮಾತ್ರ. ಹತ್ತು ವರ್ಷದಲ್ಲಿ ಹೆಚ್ಚಬೇಕಾಗಿದ್ದ ಜನಸಂಖ್ಯೆ 8,69,224ರಷ್ಟು ಕುಸಿಯಿತು. ಹಸಿವಿಗೂ ಹಸಿವಿನ ಹಿಂದೆಯೇ ಬಂದ ರೋಗರುಜಿನಗಳಿಗೂ ತುತ್ತಾದವರು ಇವರು. ಈ ಅಂಕಿಗಳು ಪುಸ್ತಕಗಳಲ್ಲಿವೆ. ಸತ್ತವರ ಹೆಸರುಗಳು ಯಾವ ಪುಸ್ತಕದಲ್ಲಿಯೂ ಇಲ್ಲ.

ಆ ಅಜ್ಜಿ ಹುಟ್ಟಿದ್ದು ಹೊಸದುರ್ಗದ ಬಳಿಯ ಒಂದು ಹಳ್ಳಿಯಲ್ಲಿ. ಹಸುಗೂಸನ್ನು ಬೆನ್ನಿಗೆ ಕಟ್ಟಿಕೊಂಡು ತಾಯಿ ಬರ ಪರಿಹಾರದ ರಸ್ತೆ ಕೆಲಸಕ್ಕೆ ಮಣ್ಣು ಹೊತ್ತಳಂತೆ. ಆ ಕಾಲದ ಕೂಲಿಯ ಕ್ರಮವನ್ನು ಓದುಗರು ತಿಳಿದಿರಬೇಕು. ನೆರೆಯ ಬಳ್ಳಾರಿ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಖರ್ಚು ಉಳಿಸುವುದಕ್ಕಾಗಿ ಆ ಪ್ರಾಂತದ ಪರಿಹಾರ ಕೆಲಸಗಳ ಕೂಲಿಯನ್ನು ಇಳಿಸಿದನು. ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಒಂದಾಣೆ. ಹೆಣ್ಣಾಳಿಗೆ ಅದೇ ಒಂದು ಪೌಂಡಿನ ಬೆಲೆ ಮತ್ತು ಅರ್ಧಾಣೆ. ಒಂದು ಪೌಂಡೆಂದರೆ ಅರ್ಧ ಕಿಲೋಗೂ ಕಡಮೆ. ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್, ಇದನ್ನು ತಿಂದು ಮಣ್ಣು ಹೊರುವವನು ಬದುಕಲಾರ ಎಂದು ಪ್ರತಿಭಟಿಸಿದ ಮೇಲೆಯೇ ಕೂಲಿ ಸ್ವಲ್ಪ ಏರಿದ್ದು. ಮಗುವಿಗೆ ಮೊಲೆಯುಣಿಸುತ್ತ ಮಣ್ಣು ಹೊರುವ ತಾಯಿಗೆ ಗಂಡಸಿಗಿಂತ ಅರ್ಧಾಣೆ ಕಡಮೆ ಏಕೆಂದು ಆ ಲೆಕ್ಕದವರು ಯೋಚಿಸಿದಂತೆ ಕಾಣುವುದಿಲ್ಲ. ಹೆಣ್ಣಿನ ಹೊಟ್ಟೆ ಚಿಕ್ಕದು ಎಂಬ ಈ ಲೆಕ್ಕಾಚಾರ ಬಲು ಹಳೆಯದು. ಗಂಡು ಹೆಣ್ಣಿಗೆ ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂಬ ಕಾಯಿದೆ ನಮ್ಮ ದೇಶದಲ್ಲಿ ಬಂದದ್ದು 1976ರಲ್ಲಿ, ಅಂದರೆ ಆ ಬರ ಬಿದ್ದ ನೂರು ವರ್ಷದ ಮೇಲೆ.

ಮುಂದಿನ ಕಥೆ ಎಲ್ಲ ಬಡವರ ಮನೆಯ ಕಥೆಯೇ. ಹಲ್ಲು ಬೀಳುವ ಮುಂಚೆ ಮದುವೆ. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ಮೈಸೂರು ಸರ್ಕಾರ ತಡೆದದ್ದು 1894ರಲ್ಲಿ. ಆ ಹೊತ್ತಿಗೆ ಈಕೆ ಸಂಸಾರಸ್ಥೆ. ಅತ್ತೆಮನೆಯಲ್ಲಿ ಕೋಳಿ ಕೂಗುವ ಮುನ್ನ ಬೀಸುವ ಕಲ್ಲು, ಹೊತ್ತು ಮೂಡಿದ ಮೇಲೆ ಗೌಡರ ಹೊಲ, ಸಂಜೆಗೆ ಯಾರದೋ ಮನೆಯ ಒರಳಿನಲ್ಲಿ ಕುಟ್ಟುವುದು. ಕುಟ್ಟಿದ್ದಕ್ಕೆ ಕೂಲಿ ಒಂದು ಮೊರ ನುಚ್ಚು.

1898ರ ಸುಮಾರಿಗೆ ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಕಟ್ಟೆ ಕಟ್ಟುವ ಕೆಲಸ ಮೊದಲಾಯಿತು. ಗಂಡಹೆಂಡಿರು ಅಲ್ಲಿಗೆ ಹೋದರು. ಆಕೆ ಗಾರೆಗೆ ಇಟ್ಟಿಗೆ ಕುಟ್ಟಿದಳು, ಬುಟ್ಟಿಯಲ್ಲಿ ಕಲ್ಲು ಹೊತ್ತಳು. ಗಂಡ ಅಲ್ಲಿಯೇ ಜ್ವರ ಬಂದು ತೀರಿಕೊಂಡ. ಮಣ್ಣು ಮಾಡಿದ ಮೂರನೆಯ ದಿನ ಆಕೆ ಮತ್ತೆ ಬುಟ್ಟಿ ಹೊತ್ತಳಂತೆ. ಇಲ್ಲದಿದ್ದರೆ ಎರಡು ಮಕ್ಕಳಿಗೆ ಹಿಟ್ಟೆಲ್ಲಿಯದು?

ಕಟ್ಟೆ 1907ರಲ್ಲಿ ಮುಗಿಯಿತು. ಕೆಲಸ ಮೊದಲಾದಾಗ ರೀಜೆಂಟ್ ಆಗಿದ್ದ ಮಹಾರಾಣಿಯವರ ಹೆಸರಿನಿಂದ ಅದನ್ನು ವಾಣಿವಿಲಾಸ ಸಾಗರವೆಂದು ಕರೆದರು. 1933ರಲ್ಲಿ ಅದು ಮೊದಲ ಬಾರಿ ಕೋಡಿ ಬಿತ್ತು. ಆಮೇಲೆ 89 ವರ್ಷ ಕಾದು 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ನೋಡಲು ನೆರೆಯಿತು; ಹಿನ್ನೀರು ಹೊಸದುರ್ಗ ತಾಲ್ಲೂಕಿನೊಳಕ್ಕೂ ನುಗ್ಗಿತು. ಹಿರಿಯೂರಿನ ತೋಟಗಳು ಆ ನೀರನ್ನು ಕುಡಿದು ಬೆಳೆದವು. ಕಟ್ಟಿಸಿದವರು ಯಾರೆಂಬುದು ಚರಿತ್ರೆಗೆ ಗೊತ್ತು. ಕಟ್ಟಿದವರು ಯಾರೆಂದು ಕೇಳಿದರೆ ಉತ್ತರ ಅದೇ: ಗಂಡಾಳು ಇಷ್ಟು, ಹೆಣ್ಣಾಳು ಇಷ್ಟು.

ಇಂಗ್ಲೆಂಡಿನಲ್ಲಿ ಇದೇ ಕಾಲದ ಬಡ ಹೆಂಗಸೊಬ್ಬಳ ಬಾಳನ್ನು ಹುಡುಕ ಹೊರಟವರಿಗೆ ದಾರಿಯುಂಟು. ಅಲ್ಲಿನ ಚರ್ಚುಗಳಲ್ಲಿ 1538ರಿಂದ ನಾಮಕರಣ, ಮದುವೆ, ಮಣ್ಣುಗಳ ದಾಖಲೆಯಿದೆ. 1837ರಿಂದ ಸರ್ಕಾರವೇ ಜನನ ಮರಣಗಳನ್ನು ಬರೆದಿಟ್ಟಿದೆ. 1841ರ ಗಣತಿಯಿಂದ ಮನೆಮನೆಯವರ ಹೆಸರು, ವಯಸ್ಸು, ಕಸುಬು ಉಳಿದಿವೆ. ಹೊಲಗೂಲಿಯ ಹೆಂಗಸೊಬ್ಬಳು ಯಾವ ಮನೆಯಲ್ಲಿ ಆಳಾಗಿದ್ದಳು, ಮದುವೆಯ ಪುಸ್ತಕದಲ್ಲಿ ಸಹಿ ಹಾಕಲು ಬಾರದೆ ಗೀಟು ಎಳೆದಳೇ, ಮುಪ್ಪಿನಲ್ಲಿ ಬಡವರ ದುಡಿಮೆಮನೆ ಸೇರಿದಳೇ ಎಂಬುದನ್ನೆಲ್ಲ ಮೊಮ್ಮಕ್ಕಳ ಮೊಮ್ಮಕ್ಕಳು ಇಂದು ಓದಿ ತಿಳಿಯಬಹುದು.

ಹಾಗೆಂದು ಅಲ್ಲಿನ ದೊರೆಗಳು ಬಡವಳ ಮೇಲಿನ ಕರುಣೆಯಿಂದ ಇದನ್ನೆಲ್ಲ ಬರೆದಿಟ್ಟರೆಂದು ತಿಳಿಯಬಾರದು. ಅನ್ನವಿಲ್ಲದೆ ಬಂದ ವಿಧವೆಯನ್ನು ನ್ಯಾಯಾಧಿಕಾರಿಗಳು ಕೂರಿಸಿಕೊಂಡು, ಎಲ್ಲಿ ಹುಟ್ಟಿದೆ, ಎಲ್ಲೆಲ್ಲಿ ದುಡಿದೆ, ಯಾರನ್ನು ಕಟ್ಟಿಕೊಂಡೆ ಎಂದು ಕೇಳಿ ಬರೆಸಿದ್ದು, ಆಕೆಯನ್ನು ಸಾಕುವ ಖರ್ಚನ್ನು ಬೇರೊಂದು ಊರಿನ ತಲೆಗೆ ಕಟ್ಟುವುದಕ್ಕೆ. ಅಲ್ಲಿಯೂ ಮೇಸ್ತ್ರಿಗಳಿದ್ದರು. ಹೆಂಗಸರನ್ನೂ ಮಕ್ಕಳನ್ನೂ ಗುಂಪು ಕಟ್ಟಿಕೊಂಡು ಹೊಲದಿಂದ ಹೊಲಕ್ಕೆ ಅಟ್ಟಿಕೊಂಡು ಹೋಗುತ್ತಿದ್ದರು. ಆ ಗುಂಪುಗಳಲ್ಲಿ ಎಂಟು ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದೆಂದು ಕಾಯಿದೆ ಮಾಡಿದ್ದು 1867ರಲ್ಲಿ. ಸೂರ್ಯ ಮುಳುಗದ ರಾಜ್ಯದ ತವರಿನಲ್ಲಿಯೂ ಹೊಲಗೂಲಿ ಹೆಂಗಸಿನ ಗತಿ ಇದು. ಆದರೂ ಬರೆದ ಕಾಗದ ಉಳಿಯಿತು. ತಮ್ಮ ಖರ್ಚಿನ ಲೆಕ್ಕಕ್ಕಾಗಿ ಉಳ್ಳವರು ಬರೆದಿಟ್ಟದ್ದು, ಬಡವಳ ಪರವಾದ ಸಾಕ್ಷಿಯಾಗಿ ಇಂದು ನಿಂತಿದೆ.

ನಮ್ಮಲ್ಲಿ ಏನಾಯಿತು? ಮೈಸೂರು ಸಂಸ್ಥಾನದಲ್ಲಿ 1863ರಿಂದ ಕಂದಾಯದ ಸರ್ವೆ ನಡೆಯಿತು. ಹೊಲದ ಒಂದೊಂದು ಗುಂಟೆಗೂ ನಂಬರ್ ಬಿತ್ತು. ಹೊಲವಿಲ್ಲದವಳಿಗೆ ಅದರಲ್ಲಿ ಜಾಗವಿಲ್ಲ. ಗಣತಿ ನಡೆಯಿತು, ಮೊತ್ತಗಳು ಅಚ್ಚಾದವು, ಮನೆಮನೆಯ ಹೆಸರಿನ ಪಟ್ಟಿಗಳು ಉಳಿಯಲಿಲ್ಲ. 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಕೂಡಿತು. ಅದರಲ್ಲಿ ಕುಳಿತವರು ಜಮೀನುದಾರರೂ ವರ್ತಕರೂ. ಬರಗಾಲದಲ್ಲಿ ಅಧಿಕಮಾಸ ಎಂಬಂತೆ, ಗಂಡನ ಹೆಸರು ಹೆಂಡತಿ ಹೇಳಬಾರದು, ಹೆಂಡತಿಯ ಹೆಸರು ನಾಲ್ಕು ಜನರ ನಡುವೆ ಗಂಡ ಹೇಳಬಾರದು ಎಂಬ ಮನೆಯ ಕಟ್ಟಳೆ ಬೇರೆ. ಹೀಗಾಗಿ ‘ಇಂಥವನ ಹೆಂಡತಿ’, ‘ಇಂಥವನ ತಾಯಿ’ ಎನ್ನಿಸಿಕೊಂಡೇ ಆಕೆ ಬಾಳಿ ಮಣ್ಣಾದಳು.

ನಮ್ಮ ಚಿತ್ರದುರ್ಗದ ಓಬವ್ವನನ್ನೇ ನೋಡಿರಿ. ಕೋಟೆಯ ಕಾವಲುಗಾರನ ಹೆಂಡತಿ. ಹೈದರಾಲಿಯ ದಂಡು ಕಿಂಡಿಯಲ್ಲಿ ನುಸುಳಿದಾಗ ಒನಕೆಯಿಂದ ಬಡಿದವಳು. ಇಂದು ಆಕೆಯ ಪ್ರತಿಮೆಯಿದೆ, ಹೆಸರಿನ ಕ್ರೀಡಾಂಗಣವಿದೆ. 2021ರಿಂದ ಸರ್ಕಾರ ನವೆಂಬರ್ 11ರಂದು ಜಯಂತಿಯನ್ನೂ ಆಚರಿಸುತ್ತ ಬಂದಿದೆ. ಆದರೆ ಆಕೆಯ ಹೆಸರನ್ನು ಉಳಿಸಿಕೊಟ್ಟದ್ದು ಜನರ ಬಾಯಿ. ಒಂದು ದಿನ ಒನಕೆ ಎತ್ತಿದ್ದರಿಂದ ಆಕೆ ನೆನಪಿನಲ್ಲಿ ಉಳಿದಳು. ಅದೇ ಒನಕೆಯಿಂದ ಬಾಳೆಲ್ಲ ಕುಟ್ಟಿ ಊರಿಗೆ ಅನ್ನ ಹಾಕಿದ ಸಾವಿರಾರು ಓಬವ್ವಗಳಿಗೆ ಜಯಂತಿಯೂ ಇಲ್ಲ, ತಿಥಿಯೂ ಇಲ್ಲ.

ಈ ಹಳೆಯ ಪುರಾಣ ಈಗ ಯಾತಕ್ಕೆ ಎಂದು ಕೇಳುವವರಿದ್ದಾರೆ. ಇದು ಹಳೆಯದಲ್ಲ. ಅಜ್ಜಿ ಕಟ್ಟೆಯ ಕೆಲಸದಲ್ಲಿ ‘ಹೆಣ್ಣಾಳು’. ಮೊಮ್ಮಗಳು ಗಿರಣಿಯ ಕೆಲಸದಲ್ಲಿಯೂ ‘ಹೆಣ್ಣಾಳು’. ನಡುವೆ ರಾಜರು ಹೋದರು, ಬ್ರಿಟಿಷರು ಹೋದರು, ಸ್ವರಾಜ್ಯ ಬಂತು, ಮತದಾನದ ಹಕ್ಕು ಬಂತು, 1952ರಲ್ಲಿ ಭವಿಷ್ಯನಿಧಿಯ ಕಾಯಿದೆಯೂ ಬಂತು. ಕಾಯಿದೆ ಪುಸ್ತಕದಲ್ಲಿ ಹಕ್ಕಿದ್ದು, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಆ ಹಕ್ಕು ಯಾರ ಪಾಲು? ಅಜ್ಜಿಯ ಕಾಲದಲ್ಲಿ ಹೆಸರು ಬರೆಯದೆ ಹೋದದ್ದರಿಂದ ನೆನಪು ನಷ್ಟವಾಯಿತು. ಮೊಮ್ಮಗಳ ಕಾಲದಲ್ಲಿ ಹೆಸರು ಬರೆಯದೆ ಹೋದದ್ದರಿಂದ ಹಣವೇ ನಷ್ಟವಾಯಿತು. ಹೆಸರು ಬಿಟ್ಟುಹೋದದ್ದು ಗುಮಾಸ್ತನ ಮರೆವಿನಿಂದಲ್ಲ. ಹೆಸರಿದ್ದವಳಿಗೆ ರಜೆ ಕೊಡಬೇಕು, ಹೆರಿಗೆಯ ಸಂಬಳ ಕೊಡಬೇಕು, ಕೈ ಯಂತ್ರಕ್ಕೆ ಸಿಕ್ಕಿದರೆ ಪರಿಹಾರ ಕೊಡಬೇಕು. ‘ಹೆಣ್ಣಾಳು 12’ ಎಂಬುದಕ್ಕೆ ಏನನ್ನೂ ಕೊಡಬೇಕಾಗಿಲ್ಲ.

ಮಾಲೀಕರನ್ನು ದೂರುವಾಗ ನಮ್ಮ ಬೆನ್ನನ್ನೂ ನೋಡಿಕೊಳ್ಳೋಣ. ಆ ವೃದ್ಧೆ ಹೋದ ಮೇಲೆ ನಾವು ನಮ್ಮದೇ ಸಂಘದ ಹಳೆಯ ಸದಸ್ಯತ್ವದ ಪುಸ್ತಕ ತೆಗೆದು ನೋಡಿದೆವು. ಮುಷ್ಕರದ ದಿನ ಗೇಟಿನ ಮುಂದೆ ಗಂಡಸರ ಸಮಕ್ಕೆ ಕುಳಿತಿದ್ದ ಹೆಂಗಸರ ಹೆಸರು ಅದರಲ್ಲಿಯೂ ಇರಲಿಲ್ಲ. ಚಂದಾ ಅವರ ಗಂಡಂದಿರ ಹೆಸರಿನಲ್ಲಿ ಜಮೆಯಾಗಿತ್ತು. ಈ ತಪ್ಪನ್ನು ಒಪ್ಪಿಕೊಳ್ಳದೆ ಬೇರೆಯವರಿಗೆ ಬುದ್ಧಿ ಹೇಳುವ ಅಧಿಕಾರ ನಮಗಿಲ್ಲ.

ವರ್ತಕ ಬಾಂಧವರಿಗೂ ಒಂದು ಮಾತು. ಆ ಅಜ್ಜಿ ಗಂಡನನ್ನು ಕಳೆದುಕೊಂಡ ಮೇಲೆ ಬೀಜದ ರಾಗಿಗಾಗಿ ಕೈಯ ಬೆಳ್ಳಿ ಕಡಗವನ್ನು ಅಂಗಡಿಯಲ್ಲಿ ಅಡವಿಟ್ಟಳು. ಬಡ್ಡಿ ಬೆಳೆಯಿತು, ಕಡಗ ಹಿಂದಕ್ಕೆ ಬರಲಿಲ್ಲ. ಆದರೆ ಒಂದು ಸಂಗತಿ ಗಮನಿಸಿರಿ. ಸರ್ಕಾರ ಬರೆಯದ ಆಕೆಯ ಹೆಸರನ್ನು ಆ ಅಂಗಡಿಯವನು ತನ್ನ ಖಾತೆ ಪುಸ್ತಕದಲ್ಲಿ ಬರೆದಿರಲೇಬೇಕು. ಸಾಲ ಕೊಟ್ಟವನು ಹೆಸರು ಮರೆಯುವುದಿಲ್ಲ. ಅಂಥ ಕಿರ್ದಿ ಖಾತೆಗಳು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಪೇಟೆಗಳ ಹಳೆಯ ಮನೆಗಳ ಅಟ್ಟದ ಮೇಲೆ ಇಂದಿಗೂ ಗೆದ್ದಲು ತಿನ್ನುತ್ತ ಬಿದ್ದಿವೆ, ಇಲ್ಲವೇ ರದ್ದಿಗೆ ಹೋಗುತ್ತಿವೆ. ಅವನ್ನು ತೂಕಕ್ಕೆ ಹಾಕಬೇಡಿರಿ. ಸಾಲ ತೀರಿದ್ದೋ ಬಿಟ್ಟದ್ದೋ, ನೂರು ವರ್ಷದ ಹಿಂದಿನ ಲೆಕ್ಕಕ್ಕೆ ಈಗ ಯಾರ ಮೇಲೂ ದಾವೆ ಇಲ್ಲ. ಬಡವರ ಹೆಸರು, ಊರು, ಕಾಳಿನ ಧಾರಣೆ, ಬಡ್ಡಿಯ ದರ ಎಲ್ಲವೂ ಅದರಲ್ಲಿವೆ. ನಮ್ಮ ಕಚೇರಿಗೆ ಮುಟ್ಟಿಸಿದರೆ ಓದಿ, ನಕಲು ಮಾಡಿಕೊಂಡು, ಭದ್ರವಾಗಿ ಹಿಂದಿರುಗಿಸುತ್ತೇವೆ.

ಗಿರಣಿ ಕಾರ್ಮಿಕರಿಂದ ನಾವು ಕೇಳುವುದು ಎರಡು. ಮೊದಲನೆಯದು, ನಿಮ್ಮ ಪಕ್ಕದಲ್ಲಿ ದುಡಿಯುವ ಹೆಣ್ಣುಮಗಳ ಹೆಸರು ಮೇಸ್ತ್ರಿಯ ಚೀಟಿಯಿಂದ ಗಿರಣಿಯ ಪುಸ್ತಕಕ್ಕೆ ಏರುವವರೆಗೆ ಬಿಡಬೇಡಿರಿ. ಜಿನ್ನಿಂಗಿನಲ್ಲಾಗಲಿ, ಎಣ್ಣೆ ಗಿರಣಿಯಲ್ಲಾಗಲಿ, ಪ್ರತಿಯೊಬ್ಬಳಿಗೂ ನಂಬರ್ ಇರಬೇಕು, ಆಕೆಯ ಕೈಗೇ ಸಂಬಳದ ಚೀಟಿ ಬರಬೇಕು. ಇದು ಬೋನಸ್ಸಿನಷ್ಟೇ ಮುಖ್ಯವಾದ ಬೇಡಿಕೆ. ಎರಡನೆಯದು, ಬರುವ ಭಾನುವಾರ ಮನೆಯಲ್ಲಿರುವ ಮುದುಕಿಯ ಬಳಿ ಕುಳಿತು ನಾಲ್ಕು ಪ್ರಶ್ನೆ ಕೇಳಿರಿ. ನಿನ್ನ ಅಜ್ಜಿಯ ಹೆಸರೇನು? ಯಾವ ಊರಿನಿಂದ ಬಂದಳು? ಯಾರ ಕೆಲಸ ಮಾಡಿದಳು? ಕೂಲಿ ಎಷ್ಟು ಕೊಟ್ಟರು? ಶಾಲೆಗೆ ಹೋಗುವ ಮಗನೋ ಮಗಳೋ ಅದನ್ನು ಬರೆದುಕೊಳ್ಳಲಿ. ಅಕ್ಷರದೋಷಕ್ಕೆ ಅಂಜಬೇಡಿರಿ, ಅದನ್ನು ತಿದ್ದಿಯೇ ನಾವು ಹಿಂದೆ ಅನ್ನ ಉಂಡವರು. ಬಂದ ಬರಹಗಳನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ.

ಆ ಅಜ್ಜಿ 1956ರಲ್ಲಿ, ಕನ್ನಡ ನಾಡು ಒಂದಾದ ವರ್ಷ, ತೀರಿಕೊಂಡರು. ಮೊಮ್ಮಗಳ ಅರ್ಜಿಯನ್ನು ನಾವು ಸಂಬಂಧಪಟ್ಟ ಇಲಾಖೆಗೆ ಕಳುಹಿಸಿದ್ದೇವೆ. ದಾಖಲೆಯಿಲ್ಲವೆಂದು ಅದು ಹಿಂದಕ್ಕೆ ಬರಬಹುದು. ಆಕೆಯ ಜೊತೆಯಲ್ಲಿ ದುಡಿದವರು ಯಾರಾದರೂ ಈ ಭಾಗದಲ್ಲಿ ಇದ್ದರೆ ಸಾಕ್ಷಿ ಹೇಳಲು ಮುಂದೆ ಬರಬೇಕು. ಕಾಗದದ ಸಾಕ್ಷಿ ಇಲ್ಲದ ಕಡೆ ಜನರ ಸಾಕ್ಷಿಯಾದರೂ ನಿಲ್ಲಬೇಕು. ಗಿರಣಿಯ ಹೆಸರು, ವರ್ಷಗಳ ವಿವರ ನಮ್ಮ ಕಚೇರಿಯಲ್ಲಿ ದೊರೆಯುತ್ತವೆ. ದಿನವೂ ಸಂಜೆ ಆರರ ಮೇಲೆ ಬಾಗಿಲು ತೆರೆದಿರುತ್ತದೆ.